ಗಾಜಿನೆಳೆಯ ತುದಿ

ಕಳೆದ ವರ್ಷದ ಚೌತಿಗೆ ಇನ್ನು ಎರಡು ದಿನಗಳಿದ್ದವು. ಸಿದ್ದಾಪುರ ಸೀಮೆಯ ತೋಟದ ಮನೆಗಳಲ್ಲಿ ಆ ದಿನಗಳ ಗಡಿಬಿಡಿ ಎಂಥದೆಂಬುದನ್ನು ಆ ಕಡೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಒಳಗೆ ನೆರೆಕರೆಯವರೆಲ್ಲ ಕೂಡಿ ಕೈಚಕ್ಕುಲಿಯ ಕಂಬಳ ನಡೆಸಿದ್ದರು. ಜಗಲಿಯ ಗೋಡೆಗೆ ಸುಣ್ಣ ಬಳಿದು ಫಲಾವಳಿಗೆ ಅಣಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗೋಡೆಯ ಹಲಗೆಯ ಮೇಲೆ ಅಡ್ಡವಾಗಿದ್ದ ಇಂಟರ್‌ನೆಟ್ಟಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಅದರ ಬೆನ್ನಿಗೆ ಚುಚ್ಚಿದ್ದ ತೆಳುವಾದ ತಂತಿಯನ್ನು ಬಿಡಿಸಿದೆ. ಕೆಲಸ ಮುಗಿದ ಮೇಲೆ ನೋಡಿದರೆ ತಂತಿಯ ತುದಿಗೆ ಸುಣ್ಣದ ಧೂಳು ಹತ್ತಿತ್ತು. ಶುಚಿಯಾಗಲೆಂದು ಹೆಗಲ ಮೇಲಿನ ಒದ್ದೆ ವಸ್ತ್ರದ ಚುಂಗಿನಿಂದ ಚೆನ್ನಾಗಿ ಒರೆಸಿ, ಮೊದಲಿದ್ದಲ್ಲಿಯೇ ಚುಚ್ಚಿದೆ. ಪೆಟ್ಟಿಗೆಯ ಮೇಲೆ ಅದುವರೆಗೆ ನಾವು ಕಾಣದಿದ್ದ ಕೆಂಪು ದೀಪವೊಂದು ಮಿನುಗತೊಡಗಿತು.

ಮನೆಯವರೆಲ್ಲ ಮಳೆಯನ್ನು ದೂರಿದರು. ಒಬ್ಬರು ಮಂಗಗಳು ತಂತಿಗೆ ಜೋತುಬಿದ್ದಿರಬೇಕೆಂದರು. ಇನ್ನೊಬ್ಬರು ಅಡಿಕೆಯ ಸೋಗೆ ಬಿದ್ದು ಹರಿದಿರಬೇಕೆಂದರು. ನಾನೂ ಅವರೊಡನೆ ತಲೆಯಾಡಿಸಿದೆ. ನನ್ನ ಒದ್ದೆ ವಸ್ತ್ರದ ಮೇಲೆ ಯಾರಿಗೂ ಸಂಶಯ ಬರಲಿಲ್ಲ; ನನಗಂತೂ ಬರಲೇ ಇಲ್ಲ.

ಒಂದು ದೀಪ ಕೆಂಪಾದುದನ್ನು ಇಷ್ಟು ದೊಡ್ಡದಾಗಿ ಹೇಳುವುದೇಕೆಂದರೆ, ಆ ತಂತಿಯ ತುದಿಯಲ್ಲಿ ನಮ್ಮ ಮನೆಯ ಮಗನೊಬ್ಬನು ಇದ್ದಾನೆ. ತಮ್ಮನ ಮಗನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದವನು, ೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಊರಿಗೆ ಬಂದನು. ಆ ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಎಷ್ಟೋ ಮನೆಗಳಿಗೆ ಹೀಗೆ ಮಕ್ಕಳು ಮರಳಿದರು; ಮುದುಕರಿಬ್ಬರೇ ಉಳಿದಿದ್ದ ಜಗಲಿಗಳಲ್ಲಿ ಮತ್ತೆ ಮಾತು ಕೇಳಿಸಿತು. ಆದರೆ ಕಣಿವೆಯ ತಳದಲ್ಲಿರುವ ತೋಟದ ಮನೆಗಳಿಗೆ ಮೊಬೈಲಿನ ಸಂಕೇತ ಇಳಿಯುವುದು ಅಪರೂಪ. ಓದುವ ಹುಡುಗರೂ ದುಡಿಯುವ ತರುಣರೂ ಗುಡ್ಡದ ನೆತ್ತಿಯಲ್ಲಿ ಮಾಳ ಕಟ್ಟಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತುದನ್ನು ನಾವೆಲ್ಲ ಕಂಡಿದ್ದೇವೆ. ಬಳಿಕ ಗಾಜಿನೆಳೆಯ ತಂತಿ ಕಂಬದಿಂದ ಕಂಬಕ್ಕೆ, ಕಂಬವಿಲ್ಲದ ಕಡೆ ಮರದಿಂದ ಮರಕ್ಕೆ ಹಾಯುತ್ತ ನಮ್ಮ ಕೇರಿಗೂ ಬಂದಿತು. ತಂತಿ ನಂಬಿಕೆಯಿಂದ ನಡೆಯುವ ತನಕ ಊರಿನಲ್ಲಿಯೇ ಇರಬಹುದೆಂದು ಅವನ ಮೇಲಧಿಕಾರಿಗಳು ಒಪ್ಪಿದ್ದರು. ಅಂದು ರಾತ್ರಿ ಹನ್ನೊಂದು ಗಂಟೆಗೆ ಅವನಿಗೆ ಮಹತ್ತ್ವದ ಕೆಲಸವೊಂದಿತ್ತು. ಮಧ್ಯಾಹ್ನದ ಹೊತ್ತಿಗೂ ದೀಪ ಕೆಂಪಾಗಿಯೇ ಇರಲು ಅವನು ಮೌನವಾಗಿ ಚೀಲ ಕಟ್ಟತೊಡಗಿದನು. ಶಿರಸಿಗೆ ಹೋಗಿ ಲಾಡ್ಜಿನಲ್ಲಿ ಕುಳಿತು ಆ ರಾತ್ರಿಯ ಕೆಲಸ ಮುಗಿಸಿ, ಚೌತಿಯ ಬಳಿಕ ಬೆಂಗಳೂರಿಗೇ ಹೋಗಿಬಿಡುವೆನೆಂದನು. ಅವನ ತಾಯಿ ಚಕ್ಕುಲಿಯ ಹಿಟ್ಟಿನ ಕೈಯಲ್ಲಿಯೇ ಬಂದು ಬಾಗಿಲಲ್ಲಿ ನಿಂತಳು.

ನಾಲ್ಕು ಗಂಟೆಗೆ ತಂತಿ ನೋಡುವ ಹುಡುಗನು ನೆನೆಯುತ್ತ ಬಂದನು. ಕಂಬದ ಬಳಿಯ ಡಬ್ಬಿಯಲ್ಲಿ ಅಳೆದುನೋಡಿದನು, ಬೆಳಕು ಸರಿಯಾಗಿತ್ತು. ಮನೆಯೊಳಗೆ ಬಂದು ಆ ತುದಿಯನ್ನು ತನ್ನ ಅಳತೆಯ ಯಂತ್ರಕ್ಕೆ ಹಚ್ಚಿದನು. ಮೈನಸ್ ೩೧ ಎಂದು ತೋರಿಸಿತು. ಪೆನ್ನಿನಂಥ ಒಂದು ಸಾಧನವನ್ನು ತುದಿಗೆ ಹಿಡಿದು ಎರಡು ಸಲ ಟಿಕ್ ಎನಿಸಿ ಮತ್ತೆ ಅಳೆದನು. ಮೈನಸ್ ೨೦ ಆಯಿತು. ಪೆಟ್ಟಿಗೆಗೆ ಚುಚ್ಚಿದೊಡನೆ ಹಸಿರು ದೀಪ ಬಂದಿತು. “ಹೊರಗೆ ಏನೂ ಆಗಿಲ್ಲ ಹೆಗಡೇರೆ, ತುದಿ ಮುಟ್ಟಿದವರು ಯಾರು?” ಎಂದು ಕೇಳಿದನು. ನಾನು ಅವನಿಗೆ ಚಹ ತರಿಸಲು ಒಳಗೆ ಹೋದೆನು.

ಗಾಜಿನೆಳೆಯೆಂಬುದು ಏನು? ಪರಿಶುದ್ಧವಾದ ಗಾಜನ್ನು ಕಾಯಿಸಿ ಎಳೆದ ನೂಲು ಅದು. ಅದರ ದಪ್ಪ ೧೨೫ ಮೈಕ್ರಾನ್. ಎಂದರೆ ಎಂಟು ಎಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ಮಿಲಿಮೀಟರು. ಬೆಳಕು ಹರಿಯುವುದು ಅದರ ನಡುವಿನ ತಿರುಳಿನಲ್ಲಿ. ಮನೆಗೆ ಬರುವ ಎಳೆಯಲ್ಲಿ ಆ ತಿರುಳು ಸುಮಾರು ೯ ಮೈಕ್ರಾನ್ ಮಾತ್ರ. ಕಣ್ಣಿಗೆ ಕಾಣದ ಧೂಳಿನ ಕಣವೊಂದು ತುದಿಯಲ್ಲಿ ಕುಳಿತರೆ, ಬಾವಿಯ ಬಾಯಿಗೆ ಬಂಡೆ ಮುಚ್ಚಿದಂತೆ. ಮೈನಸ್ ೨೦ ಎಂಬ ಅಳತೆಯ ಅರ್ಥ ಒಂದು ಮಿಲಿವ್ಯಾಟಿನ ನೂರರಲ್ಲಿ ಒಂದು ಪಾಲು ಬೆಳಕು. ಮೈನಸ್ ೩೧ ಎಂದರೆ ಸಾವಿರದ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಮೈನಸ್ ೨೭ರ ತನಕ ಓದಬಲ್ಲವು. ಅದಕ್ಕೂ ಕೆಳಗೆ ಅವು ಕುರುಡು. ನನ್ನ ಸುಣ್ಣವೂ ವಸ್ತ್ರದ ನೀರೂ ಸೇರಿ ಹನ್ನೆರಡು ಪಾಲಿನಲ್ಲಿ ಹನ್ನೊಂದನ್ನು ನುಂಗಿದ್ದವು.

ಬೆಳಕು ಬಾಗಿದ ದಾರಿಯಲ್ಲಿ ಹರಿಯುವುದು ಹೇಗೆಂದು ಗೃಹಿಣಿಯರು ಕೇಳಬಹುದು. ಕೆರೆಯಲ್ಲಿ ಮುಳುಗಿ ಓರೆಯಾಗಿ ಮೇಲೆ ನೋಡಿದವರಿಗೆ ನೀರಿನ ಮೇಲ್ಮೈ ಕನ್ನಡಿಯಂತೆ ಕಾಣುತ್ತದೆ. ನೀರಿನಿಂದ ಗಾಳಿಗೆ ಓರೆಯಾಗಿ ಹೊರಟ ಬೆಳಕು ಹೊರಗೆ ಹೋಗಲಾರದೆ ಒಳಕ್ಕೇ ಮರಳುವುದೇ ಇದಕ್ಕೆ ಕಾರಣ. ಎಳೆಯ ತಿರುಳು ಒಂದು ಬಗೆಯ ಗಾಜು, ಹೊರಕವಚ ಇನ್ನೊಂದು ಬಗೆಯದು. ಬೆಳಕು ತಿರುಳಿನೊಳಗೇ ಮರಳಿ ಮರಳಿ ಮುಂದೆ ಸಾಗುತ್ತದೆ. ಪಂಜಾಬಿನ ಮೋಗಾದಲ್ಲಿ ೧೯೨೬ರಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಎಂಬವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸರೊಡನೆ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ, ೧೯೫೪ರಲ್ಲಿ ಅದನ್ನು ಪ್ರಕಟಿಸಿದರು. ಆದರೆ ಅಂದಿನ ಗಾಜು ಮಲಿನವಾದುದು. ಬೆಳಕು ತುಸು ದೂರದಲ್ಲಿಯೇ ಆರಿಹೋಗುತ್ತಿತ್ತು. ಗಾಜಿನೊಳಗಿನ ಕಲ್ಮಷವನ್ನು ತೆಗೆದರೆ ದೂರದ ಸುದ್ದಿಗೂ ಅದು ಸಾಧನವಾಗುವುದೆಂದು ೧೯೬೬ರಲ್ಲಿ ಚಾರ್ಲ್ಸ್ ಕಾವೋ ಇಂಗ್ಲೆಂಡಿನಲ್ಲಿ ಸಾಧಿಸಿ ತೋರಿಸಿದರು. ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕಿಲೋಮೀಟರಿಗೆ ನೂರರಲ್ಲಿ ಒಂದು ಪಾಲು ಬೆಳಕಾದರೂ ಉಳಿಯಬೇಕೆಂಬುದು ಅವರ ಗುರಿಯಾಗಿತ್ತು. ಅಮೇರಿಕದ ಕಾರ್ನಿಂಗ್ ಕಂಪನಿಯವರು ೧೯೭೦ರಲ್ಲಿ ಅದನ್ನು ಮುಟ್ಟಿದರು. ಇಂದಿನ ಒಳ್ಳೆಯ ಎಳೆಯಲ್ಲಿ ಕಿಲೋಮೀಟರಿಗೆ ನೂರರಲ್ಲಿ ತೊಂಬತ್ತೈದು ಪಾಲು ಉಳಿಯುತ್ತದೆ. ಶಿರಸಿಯಲ್ಲಿ ಹೊಗಿಸಿದ ಬೆಳಕಿನ ಹತ್ತನೆಯ ಒಂದು ಪಾಲು, ಐವತ್ತು ಕಿಲೋಮೀಟರು ಹರಿದು ಯಲ್ಲಾಪುರವನ್ನು ಮುಟ್ಟಬಲ್ಲದು. ಇಷ್ಟು ದೂರ ಕೆಡದೆ ಬರುವ ಬೆಳಕು ಕೆಡುವುದು ಹೆಚ್ಚಾಗಿ ಕೊನೆಯ ಗೇಣಿನಲ್ಲಿ, ನಮ್ಮ ಕೈ ಮುಟ್ಟುವ ಕಡೆಯಲ್ಲಿ. ಈ ತಿಂಗಳು ನಾನು ಹೇಳಬೇಕಾದುದೆಲ್ಲ ಇಷ್ಟೇ. ಆದರೆ ಆ ರಾತ್ರಿ ನಾನು ಕಂಡುದನ್ನು ಹೇಳದಿದ್ದರೆ ಇದರ ಬೆಲೆ ತಿಳಿಯದು.

ಹನ್ನೊಂದು ಗಂಟೆಗೆ ಮನೆಯ ಮೆತ್ತಿನಲ್ಲಿ ಹುಡುಗನು ಕಂಪ್ಯೂಟರಿನ ಮುಂದೆ ಕುಳಿತನು. ನಿದ್ದೆ ಬಾರದೆ ನಾನೂ ಹತ್ತಿರ ಕುಳಿತೆನು. ಅವನ ಕೆಲಸವೇನೆಂಬುದು ಅಂದಿನವರೆಗೂ ನನಗೆ ತಿಳಿದಿರಲಿಲ್ಲ. “ದೊಡ್ಡಪ್ಪ, ನಾವು ಲೆಕ್ಕದ ಉಗ್ರಾಣ ಕಾಯುವವರು” ಎಂದು ನಕ್ಕನು.

ಶಿರಸಿಯಲ್ಲಿ ೧೯೨೦ರಲ್ಲಿ ಜಿಲ್ಲೆಯ ಸಹಕಾರಿ ಬ್ಯಾಂಕು ಹುಟ್ಟಿತು. ೧೯೨೩ರಲ್ಲಿ ತೋಟಿಗರು ತಮ್ಮ ಮಾರಾಟ ಸಂಘವನ್ನು ಕಟ್ಟಿಕೊಂಡರು. ಅಂದಿನ ಸಂಘಗಳ ಲೆಕ್ಕವೆಲ್ಲ ದಪ್ಪ ಖಾತೆಪುಸ್ತಕಗಳಲ್ಲಿ ಇರುತ್ತಿತ್ತು. ಮಲೆನಾಡಿನ ತಂಪಿನಿಂದಲೂ ಒರಲೆಯಿಂದಲೂ ಅವನ್ನು ಕಾಯುವುದೇ ಗುಮಾಸ್ತರಿಗೆ ಒಂದು ವ್ರತ. ಇಂದು ಯಾವ ಬ್ಯಾಂಕಿನ ಖಾತೆಯಾದರೂ, ಯಾವ ಆಸ್ಪತ್ರೆಯ ರೋಗಿಗಳ ಕಡತವಾದರೂ ಇರುವುದು ಡಿಸ್ಕುಗಳನ್ನು ತುಂಬಿದ ಕಪಾಟುಗಳಲ್ಲಿ. ಲೆಕ್ಕ ಮಾಡುವ ಯಂತ್ರಗಳು ಬೇರೆ, ಲೆಕ್ಕ ಇಡುವ ಕಪಾಟುಗಳು ಬೇರೆ. ಇವೆರಡನ್ನೂ ಕೂಡಿಸುವ ಜಾಲವನ್ನು ಸ್ಟೋರೇಜ್ ನೆಟ್‌ವರ್ಕ್ ಎನ್ನುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಆ ಜಾಲದ ದಾರಿಗಳೂ ಗಾಜಿನೆಳೆಯವೇ. ಅಂದು ರಾತ್ರಿ ಬೆಂಗಳೂರಿನ ಒಂದು ಕೋಣೆಯಲ್ಲಿ ಅಂಥ ಕಪಾಟಿಗೆ ಹೊಸ ಟ್ರಾನ್ಸೀವರುಗಳನ್ನೂ ಹೊಸ ತಂತಿಗಳನ್ನೂ ಹಾಕುವುದಿತ್ತು. ಕೈಕೆಲಸ ಅಲ್ಲಿಯ ಇಬ್ಬರು ತರುಣರದು. ನೋಡಿ ಹೇಳುವುದು ಇವನದು. ಆ ಕಪಾಟಿನ ಲೆಕ್ಕ ಯಾರದೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಟ್ರಾನ್ಸೀವರ್ ಎಂಬುದು ಬೆರಳಿನಷ್ಟು ದೊಡ್ಡ ಲೋಹದ ತುಂಡು. ಉದ್ದ ಐದೂವರೆ ಸೆಂಟಿಮೀಟರು, ಅಗಲ ಒಂದೂಕಾಲಕ್ಕೆ ತುಸು ಹೆಚ್ಚು. ಯಂತ್ರದ ವಿದ್ಯುತ್ತಿನ ಮಿಡಿತವನ್ನು ಬೆಳಕಾಗಿಸಿ ಕಳಿಸುವುದು, ಬಂದ ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವುದು, ಈ ಎರಡೂ ಅದರ ಕೆಲಸ. ನಮ್ಮ ಜಗಲಿಯ ಪೆಟ್ಟಿಗೆಯ ಹೊಟ್ಟೆಯಲ್ಲಿಯೂ ಅಂಥದೇ ಒಂದು ಇದೆ. ಅದು ಒಂದೇ ಎಳೆಯಲ್ಲಿ ಬರುವುದಕ್ಕೆ ಒಂದು ತರಂಗ, ಹೋಗುವುದಕ್ಕೆ ಇನ್ನೊಂದು ತರಂಗವನ್ನು ಬಳಸುತ್ತದೆ. ಕಪಾಟಿನ ಟ್ರಾನ್ಸೀವರಿಗೆ ಎರಡು ಬಾಯಿಗಳು, ಎರಡು ಎಳೆಗಳು: ಒಂದರಲ್ಲಿ ಮಾತು, ಒಂದರಲ್ಲಿ ಕಿವಿ. ಒಂದರ ಬಾಯಿ ಇನ್ನೊಂದರ ಕಿವಿಗೆ ಕೂಡಬೇಕು. ಬಾಯಿಗೆ ಬಾಯಿ ಕೂಡಿದರೆ ದೀಪ ಹತ್ತುವುದಿಲ್ಲ.

ಹುಡುಗನು ಮೊದಲು ಹೇಳಿದುದು ಕೈಗೆ ಪಟ್ಟಿ ಕಟ್ಟಿಕೊಳ್ಳಲು. ತಂಪುಗಾಳಿಯ ಒಣ ಕೋಣೆಯಲ್ಲಿ ಮೈಯಲ್ಲಿ ಸಂಗ್ರಹವಾಗುವ ವಿದ್ಯುತ್ತು, ಬೆರಳ ತುದಿಯಿಂದ ಹಾರಿ ಸೂಕ್ಷ್ಮ ಭಾಗಗಳನ್ನು ಸುಡಬಹುದು. ಪಟ್ಟಿ ಅದನ್ನು ನೆಲಕ್ಕೆ ಇಳಿಸುತ್ತದೆ. ಬಳಿಕ ಪ್ರತಿಯೊಂದು ಟ್ರಾನ್ಸೀವರಿನ ಚೀಟಿಯನ್ನು ಓದಿಸಿದನು. ಎರಡು ಕೊನೆಗಳ ವೇಗವೂ ಬೆಳಕಿನ ತರಂಗವೂ ಒಂದೇ ಆಗಿರಬೇಕು. ಕೋಣೆಯೊಳಗಿನ ಹತ್ತಿರದ ದಾರಿಗೆ ೫೦ ಮೈಕ್ರಾನ್ ತಿರುಳಿನ ಎಳೆ, ೮೫೦ ನ್ಯಾನೋಮೀಟರಿನ ಬೆಳಕು; ಊರಿನಿಂದೂರಿಗೆ ಹೋಗುವ ದಾರಿಗೆ ೯ ಮೈಕ್ರಾನಿನ ಎಳೆ, ೧೩೧೦ ಅಥವಾ ೧೫೫೦ರ ಬೆಳಕು. ಒಂದಕ್ಕೊಂದು ಬೆರಸಲಾಗದು. ಗೊಂದಲವಾಗದಿರಲೆಂದು ಮೊದಲನೆಯದಕ್ಕೆ ಸಾಮಾನ್ಯವಾಗಿ ತಿಳಿನೀಲಿಯ ಹೊದಿಕೆ, ಎರಡನೆಯದಕ್ಕೆ ಹಳದಿ.

ಆಮೇಲೆ, ತಂತಿ ಚುಚ್ಚದೆ ಬರಿಯ ಟ್ರಾನ್ಸೀವರನ್ನು ಅದರ ಗೂಡಿಗೆ ನೂಕಿ, ಕಟ್ ಎನ್ನುವ ಸಪ್ಪಳ ಕೇಳುವ ತನಕ ಒತ್ತಲು ಹೇಳಿದನು. ಒತ್ತಾಯದಿಂದ ನೂಕಬಾರದು, ತಲೆಕೆಳಗಾಗಿ ಹಿಡಿದಿದ್ದರೆ ಅದು ಹೋಗುವುದಿಲ್ಲ. ಯಂತ್ರವನ್ನು ನಿಲ್ಲಿಸದೆಯೇ ಇದನ್ನು ಮಾಡಬಹುದೆಂಬುದು ದೊಡ್ಡ ಅನುಕೂಲ. ಟ್ರಾನ್ಸೀವರಿನ ಬಾಯಿಯ ರಬ್ಬರಿನ ಬಿರಡೆಯೂ ತಂತಿಯ ತುದಿಯ ಟೊಪ್ಪಿಗೆಯೂ ಕೊನೆಯ ಗಳಿಗೆಯ ತನಕ ಇರಬೇಕೆಂದನು. ಟೊಪ್ಪಿಗೆ ತೆಗೆದ ಮೇಲೆ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕೊಳೆಯಿದ್ದರೆ ಒಣ ಸಾಧನದಿಂದ ಒರೆಸುವುದು, ಮತ್ತೆ ನೋಡುವುದು, ಕೂಡಲೆ ಚುಚ್ಚುವುದು. “ಹೊಸ ತಂತಿಯಲ್ಲವೆ, ಅದಕ್ಕೂ ಬೇಕೆ ಸರ್?” ಎಂದು ಅತ್ತಲಿಂದ ಒಬ್ಬನು ಕೇಳಿದನು. “ಹೊಸದಕ್ಕೇ ಮೊದಲು ಬೇಕು, ಟೊಪ್ಪಿಗೆಯೊಳಗೂ ಧೂಳಿರುತ್ತದೆ” ಎಂದು ಇವನು ಉತ್ತರವಿತ್ತು, ನನ್ನ ಕಡೆಗೆ ಒಮ್ಮೆ ನೋಡಿದನು. ಒದ್ದೆ ವಸ್ತ್ರದ ಕಥೆಯನ್ನು ನಾನು ಅಷ್ಟರಲ್ಲಿ ಅವನಿಗೆ ಹೇಳಿಬಿಟ್ಟಿದ್ದೆನು.

ಇನ್ನು ಮುಖ್ಯವಾದುದು ಬಂದಿತು. ಇಂಥ ಕಪಾಟಿಗೆ ಎಂದೂ ಒಂದೇ ದಾರಿ ಇರುವುದಿಲ್ಲ. ಪ್ರತಿಯೊಂದು ಲೆಕ್ಕದ ಯಂತ್ರದಿಂದಲೂ ಎರಡು ದಾರಿಗಳು, ಬೇರೆ ಬೇರೆ ಸ್ವಿಚ್ಚುಗಳ ಮೂಲಕ, ಬೇರೆ ಬೇರೆ ತಂತಿಗಳಲ್ಲಿ ಕಪಾಟನ್ನು ಸೇರುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. ಆದುದರಿಂದಲೇ ಹಗಲಿರುಳು ನಿಲ್ಲದ ಯಂತ್ರವನ್ನು ನಿಲ್ಲಿಸದೆ ರಿಪೇರಿ ಮಾಡಬಹುದು. ಎಡಗಡೆಯ ದಾರಿಯ ಹಳೆಯ ತಂತಿಗಳನ್ನು ತೆಗೆಯುವುದು ಅಂದಿನ ಮೊದಲನೆಯ ಕೆಲಸ. ಅತ್ತಲವನು ಕೈಯಿಟ್ಟಾಗಿತ್ತು. ಹುಡುಗನು ತಡೆದನು. “ತೆಗೆಯಬೇಡ. ಬಲಗಡೆಯ ದಾರಿ ಎಲ್ಲ ಯಂತ್ರಗಳಿಗೂ ನಡೆದಿದೆಯೇ ಎಂದು ಒಂದೊಂದಾಗಿ ಓದಿ ಹೇಳು.”

ಓದುತ್ತ ಹೋದಂತೆ ಒಂದು ಯಂತ್ರದ ಬಳಿ ಅವನ ಧ್ವನಿ ನಿಂತಿತು. ಅದರ ಬಲಗಡೆಯ ದಾರಿ ಸತ್ತಿತ್ತು. ಎಷ್ಟು ದಿನಗಳಿಂದಲೋ ಒಂಟಿ ದಾರಿಯಲ್ಲಿಯೇ ಅದು ನಡೆದುಬಂದಿತ್ತು. ನಡೆಯುತ್ತಿದ್ದುದರಿಂದ ಯಾರೂ ತಿರುಗಿ ನೋಡಿರಲಿಲ್ಲ. ಎಡಗಡೆಯ ತಂತಿಯನ್ನು ಎಳೆದಿದ್ದರೆ ಆ ಯಂತ್ರವು ತನ್ನ ಲೆಕ್ಕವನ್ನೆಲ್ಲ ಒಮ್ಮೆಲೆ ಕಳೆದುಕೊಂಡು, ಬರೆಯುತ್ತಿದ್ದ ಸಾಲಿನಲ್ಲಿಯೇ ನಿಂತುಬಿಡುತ್ತಿತ್ತು. ಆಗ ಯಾರದೋ ಹಣ ಒಂದು ಖಾತೆಯಿಂದ ಹೊರಟು ಇನ್ನೊಂದನ್ನು ಸೇರದೆ ಇದ್ದೀತು, ಸರಿಪಡಿಸಲು ಬೆಳಗಾದೀತು. ಸತ್ತ ದಾರಿಯ ತುದಿಗಳನ್ನು ತೆಗೆದು ನೋಡಿಸಿದನು. ಸೂಕ್ಷ್ಮದರ್ಶಕದ ಚಿತ್ರ ನಮ್ಮ ಮೆತ್ತಿನ ತೆರೆಯ ಮೇಲೆಯೂ ಬಂದಿತು: ಹುಣ್ಣಿಮೆಯ ಚಂದ್ರನಂಥ ದುಂಡು ಬಿಳುಪು, ಅದರ ನಡುವೆ ಒಂದು ಕರಿಯ ಮಚ್ಚೆ. ಯಾರದೋ ಬೆರಳಿನ ಜಿಡ್ಡು. ಒರೆಸಿದರು, ಮಚ್ಚೆ ಹೋಯಿತು, ದಾರಿ ಬದುಕಿತು. ಆಮೇಲೆಯೇ ಎಡಗಡೆಯ ಕೆಲಸ ಆರಂಭವಾಯಿತು. ಎರಡೂ ಕಡೆ ಮುಗಿದು, ಪ್ರತಿಯೊಂದು ತಂತಿಯ ಎರಡು ತುದಿಗಳಿಗೂ ಹೆಸರಿನ ಚೀಟಿ ಅಂಟಿಸಿ, ತಂತಿಗಳನ್ನು ಬಿಗಿಯದೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟುವಾಗ ಎರಡೂವರೆ ಗಂಟೆಯಾಗಿತ್ತು.

ಬೆಂಗಳೂರಿಗೂ ನಮ್ಮ ಮೆತ್ತಿಗೂ ಸುಮಾರು ನಾನೂರು ಕಿಲೋಮೀಟರು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರು ನಡೆಯುತ್ತದೆ; ಅಷ್ಟು ದೂರವನ್ನು ಸೆಕೆಂಡಿನ ಐನೂರರಲ್ಲಿ ಒಂದು ಪಾಲಿನಲ್ಲಿ ದಾಟುತ್ತದೆ. “ತೆಗೆಯಬೇಡ” ಎಂಬ ಒಂದು ಮಾತು ಕೈ ಎಳೆಯುವ ಮುನ್ನ ಅಲ್ಲಿಗೆ ತಲುಪಿತು. ಸಂಜೆ ಆ ತುದಿ ಶುಚಿಯಾಗದೆ ಉಳಿದಿದ್ದರೆ ಆ ಮಾತು ನಮ್ಮ ಮನೆಯಿಂದ ಹೊರಡುತ್ತಲೇ ಇರಲಿಲ್ಲ.

ಮನೆಯಲ್ಲಿ ಇಂಥ ತಂತಿಯುಳ್ಳ ಗೃಹಸ್ಥರು ನೆನಪಿಡತಕ್ಕ ಕೆಲವು ಮಾತುಗಳನ್ನು ಇಲ್ಲಿ ಕೂಡಿಸಿದ್ದೇನೆ.

೧. ಸುಣ್ಣ ಬಳಿಯುವಾಗ, ಧೂಳು ಹೊಡೆಯುವಾಗ ಪೆಟ್ಟಿಗೆಯನ್ನು ತಂತಿಯೊಡನೆಯೇ ಬಟ್ಟೆ ಮುಚ್ಚಿ ಇಡಬೇಕು. ಆ ಹೊತ್ತು ವಿದ್ಯುತ್ತನ್ನು ಆರಿಸಿರಬೇಕು. ಗಾಜಿನ ತಂತಿಯನ್ನು ಅಗತ್ಯವಿಲ್ಲದೆ ಬಿಡಿಸಬಾರದು.

೨. ಬಿಡಿಸಲೇಬೇಕಾದರೆ ಬಿರಡೆಯನ್ನು ಹಿಡಿದು ಎಳೆಯಬೇಕು, ತಂತಿಯನ್ನಲ್ಲ. ಒಡನೆಯೇ ತುದಿಗೆ ಟೊಪ್ಪಿಗೆ ಹಾಕಬೇಕು. ಪೆಟ್ಟಿಗೆ ಬಂದ ದಿನವೇ ಆ ಟೊಪ್ಪಿಗೆಯನ್ನು ಜೋಪಾನವಾಗಿ ತೆಗೆದಿಡಬೇಕು.

೩. ತುದಿಯನ್ನು ಬೆರಳಿನಿಂದ ಮುಟ್ಟಬಾರದು, ಬಾಯಿಯಿಂದ ಊದಬಾರದು, ಸೆರಗಿನಿಂದಾಗಲಿ ಪಂಚೆಯಿಂದಾಗಲಿ ಒರೆಸಬಾರದು. ಅದಕ್ಕೆಂದೇ ಇರುವ ಒಣ ಸಾಧನ ಬೇಕು.

೪. ತಂತಿಯನ್ನು ಮೊಳೆಗೆ ಬಿಗಿದು ಸುತ್ತಬಾರದು, ಬಾಗಿಲಸಂದಿಯಲ್ಲಿ ಸಿಕ್ಕಿಸಬಾರದು. ತೀರ ಕಿರಿದಾಗಿ ಬಾಗಿದಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ಬಳೆಯಷ್ಟಾದರೂ ಅಗಲವಾದ ಸುರುಳಿ ಇರಲಿ. ಕಂಬದಲ್ಲಿ ಸುತ್ತಿಟ್ಟ ಹೆಚ್ಚಿನ ತಂತಿ ವ್ಯರ್ಥವಾದುದಲ್ಲ. ಮುಂದಿನ ರಿಪೇರಿಗೆ ಬಿಟ್ಟಿದ್ದು. ಅದನ್ನು ಕತ್ತರಿಸಿ ಬಟ್ಟೆ ಒಣಗಿಸಲು ಕಟ್ಟಬಾರದು.

೫. ತಂತಿಯ ತುದಿಯನ್ನಾಗಲಿ ಪೆಟ್ಟಿಗೆಯ ಬಾಯಿಯನ್ನಾಗಲಿ ಕಣ್ಣಿಗೆ ಹಿಡಿದು ನೋಡಬಾರದು. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿರುವುದರಿಂದಲೇ ಅಪಾಯ. ಮಕ್ಕಳಿಗೆ ಇದನ್ನು ಮುಖ್ಯವಾಗಿ ಹೇಳಬೇಕು. ತಂತಿ ಮುರಿದಲ್ಲಿ ಬಿದ್ದ ಗಾಜಿನ ಚೂರನ್ನು ಬರಿಗೈಯಿಂದ ಎತ್ತದೆ ಅಂಟುಪಟ್ಟಿಯಿಂದ ತೆಗೆಯಬೇಕು.

೬. ಗಾಜು ಸಿಡಿಲನ್ನು ಒಯ್ಯುವುದಿಲ್ಲ. ಆದರೆ ಕೆಲವು ತಂತಿಗಳಲ್ಲಿ ಆಧಾರಕ್ಕೆ ಉಕ್ಕಿನ ಸರಿಗೆಯಿರುತ್ತದೆ, ಪೆಟ್ಟಿಗೆಗೆ ವಿದ್ಯುತ್ತಿನ ತಂತಿಯೂ ಇದೆ. ಗುಡುಗು ಕೇಳುವ ಮೊದಲೇ, ಮೋಡ ಕವಿಯುವಾಗಲೇ, ವಿದ್ಯುತ್ತಿನ ಬಿರಡೆಯನ್ನು ಕಿತ್ತಿಡುವುದು ಒಳ್ಳೆಯದು.

೭. ಮನೆಯ ದುಡಿಮೆ ಈ ಒಂದು ಎಳೆಯನ್ನೇ ನಂಬಿದ್ದರೆ ಎರಡನೆಯ ದಾರಿಯೊಂದನ್ನು ಯೋಚಿಸಿಡಬೇಕು. ನೆರೆಮನೆಯ ಬೇರೆ ಕಂಪನಿಯ ತಂತಿಯಾಗಲಿ, ಸಂಕೇತ ಸಿಕ್ಕುವ ಗುಡ್ಡದ ಜಾಗವಾಗಲಿ ಆದೀತು. ಇದ್ದ ಎರಡನೆಯ ದಾರಿ ನಿಜವಾಗಿ ನಡೆಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಪರೀಕ್ಷಿಸದ ಎರಡನೆಯ ದಾರಿ ಇಲ್ಲದುದಕ್ಕೆ ಸಮಾನ.

ಬೆಳಗ್ಗೆ ನಾನು ಈ ಸಂಗತಿಯನ್ನೆಲ್ಲ ಅಡಿಗೆಮನೆಯಲ್ಲಿ ಒಪ್ಪಿಕೊಂಡೆನು. ನಮ್ಮ ತಾಯಿಯವರಿಗೆ ಎಂಬತ್ತಾರು ವರ್ಷ. ಎಲ್ಲವನ್ನೂ ಕೇಳಿ, “ಅಂದರೆ ಅದಕ್ಕೂ ಮಡಿ ಉಂಟು ಅನ್ನು. ಮಡಿಯನ್ನು ಒದ್ದೆ ಕೈಯಲ್ಲಿ ಮುಟ್ಟಿದವ ನೀನು” ಎಂದರು. ಮಡಿವಸ್ತ್ರವನ್ನು ಕೋಲಿನಿಂದ ಎತ್ತಿ ಗಳುವಿಗೆ ಹಾಕುವ ಪದ್ಧತಿಯನ್ನು ನೋಡಿ ನಗುತ್ತಿದ್ದವರು ನಾವು. ನಗುವ ಸರದಿ ಅವರದಾಯಿತು.

ಹುಡುಗನು ಆ ಚೀಲವನ್ನು ಬಿಚ್ಚಿದನು. ಚೌತಿಯ ಫಲಾವಳಿಗೆ ಮಾವಿನ ಎಲೆಯನ್ನೂ ಅಡಿಕೆಯ ಗೊನೆಯನ್ನೂ ಅವನೇ ಕಟ್ಟಿದನು. ತಂತಿಯ ಟೊಪ್ಪಿಗೆಯೀಗ ಹಲಗೆಯ ಪಕ್ಕದಲ್ಲಿ ದಾರಕ್ಕೆ ಪೋಣಿಸಿ ತೂಗುಹಾಕಲ್ಪಟ್ಟಿದೆ. ಈ ವರ್ಷ ಸುಣ್ಣ ಬಳಿಯುವಾಗ ನಾನು ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಬಟ್ಟೆ ಮುಚ್ಚಿದೆನು. ಮುಂದಿನ ತಿಂಗಳು ಸಿಡಿಲಿನಿಂದ ಮನೆಯ ಯಂತ್ರಗಳನ್ನು ಕಾಯುವ ವಿಷಯವನ್ನು ವಾಚಕರ ಮುಂದಿಡುವೆನು.